ಕುದುರೆಯ ಹಟ, ಸವಾರನ ಬಿಗಿತ

ಬುಕ್ಕಾಂಬುಧಿ, ಅಜ್ಜಂಪುರ ಕಡೆಯ ಮಕ್ಕಳಿಗೆ ಕುದುರೆಗಿಂತ ಹೋರಿಯ ಪರಿಚಯವೇ ಹೆಚ್ಚು. ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರ ಅಜ್ಜಂಪುರದಲ್ಲೇ ಇದೆ. ಕಾವಲಿನಲ್ಲಿ ಸ್ವಚ್ಛಂದವಾಗಿ ಬೆಳೆದ ಹೋರಿ ಮೊದಲ ದಿನವೇ ನೊಗಕ್ಕೆ ಹೆಗಲು ಕೊಡುವುದಿಲ್ಲ. ಬಲ್ಲ ರೈತ ಅದನ್ನು ಬಡಿಯುತ್ತ ಕೂರುವುದೂ ಇಲ್ಲ. ಪಳಗಿದ ಎತ್ತಿನ ಜೊತೆ ಹೂಡಿ, ಮೊದಲು ಬರಿಯ ನೊಗ ಹೊರಿಸಿ ನಡೆಸಿ, ಆಮೇಲೆ ಹದವಾಗಿ ಭಾರ ಏರಿಸುತ್ತಾನೆ. ಮೊಂಡು ಹಿಡಿದ ಕುದುರೆಯನ್ನು ತಿದ್ದುವ ದಾರಿಯೂ ಇದೇ. ವ್ಯತ್ಯಾಸ ಒಂದೇ: ರೈತ ಹೋರಿಯ ಹಿಂದೆ ನಡೆಯುತ್ತಾನೆ, ಸವಾರ ಕುದುರೆಯ ಬೆನ್ನ ಮೇಲೇ ಕೂರುತ್ತಾನೆ. ಆದ್ದರಿಂದ ಇಲ್ಲಿ ಕಲಿಯಬೇಕಾದವರು ಇಬ್ಬರು!

ಕುದುರೆ ಹಟ ಮಾಡುವುದೇಕೆ? ಅದು ಓಡಿ ಜೀವ ಉಳಿಸಿಕೊಳ್ಳುವ ಪ್ರಾಣಿ. ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ಸುಮಾರು 350 ಡಿಗ್ರಿಯಷ್ಟು ಸುತ್ತಲೂ ಕಾಣುತ್ತದೆ. ಹಾರಿಬಂದ ಒಂದು ಕಾಗದವೂ ಅದನ್ನು ಬೆಚ್ಚಿಸಬಲ್ಲದು. ಹಲ್ಲುನೋವು, ಬೆನ್ನುನೋವು, ಗೊರಸಿನ ಗಾಯ, ಅಳತೆಗೆ ಕೂರದ ಜೀನು ಇವೂ ಅದನ್ನು ನಿಂತಲ್ಲೇ ನಿಲ್ಲಿಸುತ್ತವೆ. ಹಾಗಾಗಿ ಮೊದಲು ಪಶುವೈದ್ಯರ ಪರೀಕ್ಷೆ, ನಂತರ ಪಾಠ.

ಪಾಠದ ಸೂತ್ರ ಸರಳ. ಸವಾರ ಮೀನಖಂಡದಿಂದ ಮೆಲ್ಲಗೆ ಒತ್ತುತ್ತಾನೆ. ಕುದುರೆ ಒಂದು ಹೆಜ್ಜೆ ಮುಂದಿಟ್ಟ ಕ್ಷಣವೇ ಒತ್ತಡ ಬಿಡುತ್ತಾನೆ. ಆ ಬಿಡುವೇ ಅದಕ್ಕೆ ಬಹುಮಾನ. ಹೆಜ್ಜೆಯಿಟ್ಟರೂ ಒದೆಯುತ್ತಲೇ ಇದ್ದರೆ ಏನಾದೀತು? ಯಾವುದು ಸರಿ, ಯಾವುದು ತಪ್ಪು ಎಂದು ತಿಳಿಯದೆ ಕುದುರೆ ಆ ಸೂಚನೆಯನ್ನೇ ಕಡೆಗಣಿಸಲು ಕಲಿಯುತ್ತದೆ.

ಕುದುರೆ ನಮ್ಮ ದೇಹವನ್ನು ಎಷ್ಟು ಸೂಕ್ಷ್ಮವಾಗಿ ಓದುತ್ತದೆಂಬುದಕ್ಕೆ ಜರ್ಮನಿಯ ‘ಹಾನ್ಸ್’ ಸಾಕ್ಷಿ. ಅದು ಗೊರಸು ಕುಟ್ಟಿ ಲೆಕ್ಕದ ಉತ್ತರ ಹೇಳುತ್ತದೆಂದು ಜನ ಬೆರಗಾಗಿದ್ದರು. 1907ರಲ್ಲಿ ಆಸ್ಕರ್ ಫುಂಗ್‌ಸ್ಟ್ ಎಂಬ ಮನೋವಿಜ್ಞಾನಿ ಗುಟ್ಟು ಬಯಲು ಮಾಡಿದರು. ಸರಿಯುತ್ತರ ಬಂದೊಡನೆ ಪ್ರಶ್ನೆ ಕೇಳಿದವನ ತಲೆ ಅವನಿಗೇ ಅರಿವಿಲ್ಲದೆ ತುಸು ಮೇಲೇಳುತ್ತಿತ್ತು. ಅದನ್ನು ಕಂಡು ಹಾನ್ಸ್ ಕುಟ್ಟುವುದನ್ನು ನಿಲ್ಲಿಸುತ್ತಿತ್ತು!

ದೂರ ನಿಂತವನ ತಲೆಯಾಟವೇ ತಿಳಿಯುವುದಾದರೆ, ಬೆನ್ನ ಮೇಲೆ ಕೂತವನ ಬಿಗಿತ ತಿಳಿಯದೇ? ಕುಕ್ಕುಲೋಟದಲ್ಲಿ ಕುದುರೆಯ ಕಾಲುಗಳು ಎದುರುಬದುರು ಜೋಡಿಯಾಗಿ ನೆಲ ಮುಟ್ಟುತ್ತವೆ. ಪ್ರತಿ ಹೆಜ್ಜೆಗೂ ಬೆನ್ನು ಎದ್ದಿಳಿಯುತ್ತದೆ. ಸವಾರನ ಸೊಂಟ, ಮಂಡಿ, ಕಾಲ್ಗಂಟು ಗಾಡಿಯ ಸ್ಪ್ರಿಂಗಿನಂತೆ ಆ ಏರಿಳಿತವನ್ನು ಹೀರಿಕೊಳ್ಳಬೇಕು. ಬಿಗಿದು ಕೂತವನು ಜೀನಿನ ಮೇಲೆ ಧೊಪ್ಪನೆ ಬೀಳುತ್ತಾನೆ, ಸಮತೋಲಕ್ಕಾಗಿ ಲಗಾಮು ಜಗ್ಗುತ್ತಾನೆ. ಬಾಯಲ್ಲಿ ಕಡಿವಾಣ ಎಳೆಯುತ್ತದೆ. ಕುದುರೆ ತಲೆಯೆತ್ತಿ ಬೆನ್ನು ತಗ್ಗಿಸಿ ನಿಲ್ಲುತ್ತದೆ. ನಾವು ಅದನ್ನು ಹಟವೆನ್ನುತ್ತೇವೆ!

ಇದಕ್ಕೆ ಪರಿಹಾರ ಅಭ್ಯಾಸವೇ. ಶಿಕ್ಷಕರು ಉದ್ದ ಹಗ್ಗ ಹಿಡಿದು ಕುದುರೆಯನ್ನು ಸುತ್ತು ಹೊಡೆಸುತ್ತಾರೆ. ವಿದ್ಯಾರ್ಥಿ ಲಗಾಮು ಹಿಡಿಯದೆ, ರಿಕಾಪಿಗೆ ಕಾಲಿಡದೆ, ತೋಳು ತಿರುಗಿಸುತ್ತ ಕೂರಲು ಕಲಿಯುತ್ತಾನೆ. ಉಸಿರು ಬಿಗಿಹಿಡಿದರೆ ಮೈಯೂ ಬಿಗಿಯುತ್ತದೆ. ನಿಧಾನವಾಗಿ ಉಸಿರು ಬಿಟ್ಟರೆ ಸೊಂಟ ಸಡಿಲಾಗುತ್ತದೆ. ನೆಲದ ಮೇಲೆ ದಿನವೂ ತೊಡೆಸಂದು, ಕಾಲ್ಗಂಟುಗಳನ್ನು ಎಳೆದು ಸಡಿಲಿಸುವ ವ್ಯಾಯಾಮವೂ ಬೇಕು.

ಬೆಂಗಳೂರಿನ ಫವಾದ್ ಮಿರ್ಜಾ 2018ರ ಏಷ್ಯನ್ ಕ್ರೀಡಾಕೂಟದಲ್ಲಿ ವೈಯಕ್ತಿಕ ಬೆಳ್ಳಿ ಗೆದ್ದರು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ‘ಸೀನ್ಯೋರ್ ಮೆಡಿಕಾಟ್’ ಕುದುರೆಯೊಡನೆ 23ನೆಯ ಸ್ಥಾನ ಪಡೆದರು. ಅವರ ಸ್ಪರ್ಧೆಯ ಮೊದಲ ಹಂತದಲ್ಲಿ ವೇಗಕ್ಕೆ ಅಂಕವಿಲ್ಲ; ಕುದುರೆಯ ವಿಧೇಯತೆ, ಮೈಯ ಮೃದುತ್ವ, ಸವಾರನೊಡನೆ ಅದರ ಹೊಂದಾಣಿಕೆಗೇ ಅಂಕ. ಬೇಲಿ ಹಾರುವ ಸರದಿ ಬರುವುದು ಆಮೇಲೆ.

ಮಕ್ಕಳನ್ನು ಸವಾರಿ ಕಲಿಯಲು ಕಳಿಸುವ ತಂದೆತಾಯಿಯರು ಹೆಲ್ಮೆಟ್ಟು ಮತ್ತು ತಾಳ್ಮೆಯುಳ್ಳ ಶಿಕ್ಷಕರು ಇದ್ದಾರೆಯೇ ಎಂದು ಮೊದಲು ನೋಡಬೇಕು. ದಿನದ ಪಾಠ ಚಿಕ್ಕದಾಗಿದ್ದು, ಕುದುರೆ ಸರಿಯಾಗಿ ಮಾಡಿದ ಒಂದು ಕೆಲಸದೊಂದಿಗೆ ಮುಗಿಯಲಿ. ‘ಮೊಂಡು’ ಎಂಬ ಹಣೆಪಟ್ಟಿ ಹಚ್ಚುವ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳೋಣ: ಅದಕ್ಕೆ ನೋವಿದೆಯೇ? ಭಯವಿದೆಯೇ? ನಾವು ಹೇಳಿದ್ದು ಅರ್ಥವಾಗಿದೆಯೇ? ಓದಲು ಒಲ್ಲೆನೆನ್ನುವ ಮಗುವಿನ ವಿಷಯದಲ್ಲೂ ಕೇಳಬೇಕಾದ ಪ್ರಶ್ನೆಗಳು ಇವೇ ಅಲ್ಲವೇ?