ಮರುಬಳಕೆಯ ಚಕ್ರದಲ್ಲಿ ಆಯುವವರ ಪಾಲು

ಒಮ್ಮೆ ಬಳಸಿದ ವಸ್ತುವನ್ನು ಎಸೆಯದೆ ದುರಸ್ತಿ ಮಾಡಿ, ಬಿಡಿಸಿ, ಕರಗಿಸಿ ಮತ್ತೆ ಬಳಕೆಗೆ ತರುವ ವ್ಯವಸ್ಥೆಗೆ ಚಕ್ರೀಯ ಅರ್ಥವ್ಯವಸ್ಥೆ ಎಂದು ಹೆಸರು. ಹೆಸರು ಹೊಸತು, ಕೆಲಸ ಹಳೆಯದು. ಪೆನ್ನಾಗರಂನಲ್ಲಿ ಹಳೆಯ ಕಬ್ಬಿಣ, ಕಾಗದ ಕೊಳ್ಳುವ ಗುಜರಿ ವ್ಯಾಪಾರಿಯೂ ಈ ಚಕ್ರದ ಒಂದು ಕೊಂಡಿಯೇ. ಪಾಠದಲ್ಲಿ ಶಿಕ್ಷಕರು ಎತ್ತಬೇಕಾದ ಪ್ರಶ್ನೆ ಬೇರೆ: ಚಕ್ರ ತಿರುಗಿದಾಗ ಲಾಭ ಯಾರ ಕೈಸೇರುತ್ತದೆ?

ಇದಕ್ಕೆ ಬೆಂಗಳೂರಿನ ಉದಾಹರಣೆ ಉಪಯುಕ್ತ. ಧರ್ಮಪುರಿ ಜಿಲ್ಲೆಯ ಅನೇಕ ಕುಟುಂಬಗಳು ಕೂಲಿಗಾಗಿ ಹೋಗುವ ನಗರವಾದ್ದರಿಂದ ಮಕ್ಕಳಿಗೂ ಅದು ಅಪರಿಚಿತವಲ್ಲ. ಅಲ್ಲಿನ ಬಡ ಕೇರಿಗಳಲ್ಲಿ ವಾಸಿಸುತ್ತ, ಬೀದಿಯ ಕಸದಿಂದ ಕಾಗದ, ಪ್ಲಾಸ್ಟಿಕ್, ಲೋಹ ಆಯ್ದು ಮಾರುವವರು ದೀರ್ಘಕಾಲ ಯಾರ ಲೆಕ್ಕದಲ್ಲೂ ಇರಲಿಲ್ಲ. ಚೀಲ ಹೊತ್ತು ನಸುಕಿನಲ್ಲಿ ನಡೆಯುವವರನ್ನು ಕಳ್ಳರೆಂದು ಶಂಕಿಸುವುದೂ ಇತ್ತು. 2011ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ಅವರಿಗೆ ವೃತ್ತಿಯ ಗುರುತಿನ ಚೀಟಿ ನೀಡಲಾರಂಭಿಸಿತು. ವಾರ್ಡುಗಳಲ್ಲಿ ಒಣ ತ್ಯಾಜ್ಯ ಸಂಗ್ರಹಣಾ ಕೇಂದ್ರಗಳು ಬಂದವು. ಹಲವನ್ನು ‘ಹಸಿರು ದಳ’ ಸಂಸ್ಥೆಯ ನೆರವಿನಿಂದ ಆಯುವವರೇ ನಡೆಸತೊಡಗಿದರು. ಅಂಥ ಕೇಂದ್ರವೊಂದನ್ನು ನಡೆಸುತ್ತಿದ್ದ ಮನ್ಸೂರ್ 2015ರ ಪ್ಯಾರಿಸ್ ಹವಾಮಾನ ಸಮ್ಮೇಳನಕ್ಕೂ ಹೋಗಿಬಂದರು.

ಒಂದು ಚೀಟಿ, ಒಂದು ಸೂರು, ಒಂದು ತಕ್ಕಡಿ: ನೋಡಲು ಸಣ್ಣವು. ಆದರೆ ಸೂರಿಲ್ಲದವರು ಅಂದು ಆಯ್ದುದನ್ನು ಅಂದೇ, ವ್ಯಾಪಾರಿ ಹೇಳಿದ ಬೆಲೆಗೆ ಮಾರಬೇಕು. ಕೂಡಿಡಲು ಸ್ಥಳವಿದ್ದರೆ ಬಗೆಬಗೆಯಾಗಿ ವಿಂಗಡಿಸಿ, ಹೆಚ್ಚು ತೂಕವಾದಾಗ ದೊಡ್ಡ ಖರೀದಿದಾರರಿಗೆ ನೇರವಾಗಿ ಮಾರಬಹುದು. ಇದಕ್ಕೆ ಮನೆಮನೆಯ ನೆರವೂ ಬೇಕು. ಸಾರು ಸುರಿದ ಕಾಗದಕ್ಕೆ ಬೆಲೆಯಿಲ್ಲ. ಹಸಿ ಕಸದಲ್ಲಿ ಅಡಗಿದ ಒಡಕು ಗಾಜು ಕೈ ಕೊಯ್ಯುತ್ತದೆ. ಕಸ ಬೇರ್ಪಡಿಸುವುದನ್ನು ಶುಚಿತ್ವದ ನಿಯಮವೆಂದಷ್ಟೇ ಬೋಧಿಸಿದರೆ ಅದು ಅರ್ಧ ಪಾಠ. ಅದು ಇನ್ನೊಬ್ಬರ ಅಂದಿನ ಗಳಿಕೆಯ ಪ್ರಶ್ನೆಯೂ ಹೌದು.

2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಆಯುವವರನ್ನು ವ್ಯವಸ್ಥೆಯೊಳಗೆ ಸೇರಿಸಿಕೊಳ್ಳುವ ಹೊಣೆಯನ್ನು ಸ್ಥಳೀಯ ಸಂಸ್ಥೆಗಳಿಗೆ ವಹಿಸಿದವು. ಆದರೂ ಕಸವನ್ನೆಲ್ಲ ಒಟ್ಟಾಗಿ ಗುತ್ತಿಗೆದಾರರಿಗೆ ಒಪ್ಪಿಸಿದರೆ, ಅಥವಾ ಸುಡುವ ಸ್ಥಾವರಕ್ಕೆ ಸಾಗಿಸಿದರೆ, ಮಾರಬಹುದಾದ ವಸ್ತು ಅವರ ಕೈತಪ್ಪುತ್ತದೆ. ಬೀದಿ ಚೊಕ್ಕಟವಾದರೂ ಕೇರಿಯ ಆದಾಯ ಕುಗ್ಗುತ್ತದೆ.

ತರಗತಿಯಲ್ಲಿ, ಹೊಗೇನಕಲ್‌ಗೆ ಬಂದ ಪ್ರವಾಸಿಗರು ಬಿಟ್ಟುಹೋಗುವಂಥ ನೀರಿನ ಬಾಟಲಿಯೊಂದನ್ನು ಮೇಜಿನ ಮೇಲಿಡಬಹುದು. ಅದು ಯಾರ ಯಾರ ಕೈದಾಟಿ ಕಾರ್ಖಾನೆ ಸೇರುತ್ತದೆ, ಯಾವ ಕೈಯಲ್ಲಿ ಅದರ ಬೆಲೆ ಏರುತ್ತದೆ ಎಂಬುದನ್ನು ವಿದ್ಯಾರ್ಥಿಗಳೇ ಕಪ್ಪುಹಲಗೆಯ ಮೇಲೆ ಬರೆಯಲಿ; ಬೆಲೆಯನ್ನು ಹತ್ತಿರದ ಗುಜರಿ ಅಂಗಡಿಯಲ್ಲಿ ವಿಚಾರಿಸಿ ಬರಲಿ. ಒಂದು ಎಚ್ಚರ ಅಗತ್ಯ. ಈ ಕೆಲಸ ಮಾಡುವವರ ಮಕ್ಕಳು ಅದೇ ತರಗತಿಯಲ್ಲಿ ಕುಳಿತಿರಬಹುದು. ಯಾರ ಮನೆಯವರು ಏನು ಮಾಡುತ್ತಾರೆಂದು ಕೇಳಬಾರದು. ‘ಕಸದವರು’ ಎಂಬ ಮಾತು ಕೇಳಿಬಂದರೆ ಅಲ್ಲೇ ತಡೆದು, ಆಯುವವರು, ವಿಂಗಡಿಸುವವರು ಎಂಬ ಕೆಲಸದ ಹೆಸರುಗಳನ್ನು ಹಲಗೆಯ ಮೇಲೆ ಬರೆಯಿಸಬೇಕು.