ತಂತ್ರಾಂಶ ವಾಣಿಜ್ಯದಲ್ಲಿ ಕ್ಷೇತ್ರಕಾರ್ಯ ಮತ್ತು ಸಮಾವೇಶ: ಒಂದು ಚಾರಿತ್ರಿಕ ವಿವೇಚನೆ

ಸಂತೆಗೆ ಹೋದ ಗೃಹಸ್ಥನು ರಾಗಿಯನ್ನು ಅಂಗೈಯಲ್ಲಿ ಹರಡಿ ನೋಡುತ್ತಾನೆ. ಬಟ್ಟೆಯ ಅಂಚನ್ನು ಬೆರಳುಗಳ ನಡುವೆ ಉಜ್ಜಿ ನೋಡುತ್ತಾನೆ. ಎತ್ತನ್ನು ಕೊಳ್ಳುವವನು ಅದರ ಹಲ್ಲನ್ನೆಣಿಸಿ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಸರಕು ಕಣ್ಣೆದುರಿಗೇ ಇರುವುದರಿಂದ ಮಾರುವವನ ಮಾತಿಗೆ ಅಲ್ಲಿ ಒಂದು ಮಿತಿಯುಂಟು. ಗಣಕಯಂತ್ರವನ್ನು ನಡೆಸುವ ತಂತ್ರಾಂಶಕ್ಕಾದರೋ ತೂಕವಿಲ್ಲ, ಆಕಾರವಿಲ್ಲ. ದೊಡ್ಡ ಸಂಸ್ಥೆಯೊಂದು ಅದನ್ನು ಕೊಂಡು, ತನ್ನ ಲೆಕ್ಕಪತ್ರಗಳನ್ನು ಅದಕ್ಕೆ ಒಪ್ಪಿಸಿ, ಹಲವು ತಿಂಗಳು ಬಳಸಿದ ಮೇಲಲ್ಲದೆ ಅದರ ಗುಣದೋಷಗಳು ಪೂರ್ಣವಾಗಿ ತಿಳಿಯವು. ಹೀಗಿರಲು ಕೊಳ್ಳುವ ಮೊದಲೇ ಕೊಳ್ಳುವವನಲ್ಲಿ ನಂಬಿಕೆ ಹುಟ್ಟುವುದೆಂತು? ಈ ಪ್ರಶ್ನೆಗೆ ತಂತ್ರಾಂಶ ಸಂಸ್ಥೆಗಳು ಕಂಡುಕೊಂಡ ಉತ್ತರಗಳಲ್ಲಿ ಒಂದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ನಮ್ಮ ಕಾಲೇಜುಗಳಲ್ಲಿ ಪದವಿ ಪಡೆದು ಬೆಂಗಳೂರಿನ ತಂತ್ರಾಂಶ ಸಂಸ್ಥೆಗಳನ್ನು ಸೇರುವವರೆಲ್ಲರೂ ಎಂಜಿನಿಯರುಗಳಾಗುವುದಿಲ್ಲ. ಕೆಲವರು ಈ ಕಾರ್ಯಕ್ಕೇ ನಿಯುಕ್ತರಾಗುತ್ತಾರೆ. ಆದ್ದರಿಂದ ಇದರ ಪೂರ್ವೇತಿಹಾಸವನ್ನೂ ಕ್ರಮವನ್ನೂ ಅರಿಯುವುದು ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಅಪ್ರಸ್ತುತವಾಗಲಾರದು.

೧. ಪರಿಭಾಷೆ

ತಂತ್ರಾಂಶ ಸಂಸ್ಥೆಗಳಲ್ಲಿ ಮಾರಾಟ ವಿಭಾಗ ಬೇರೆ, ಮಾರ್ಕೆಟಿಂಗ್ ವಿಭಾಗ ಬೇರೆ. ಬೆಲೆಯ ಮಾತನ್ನಾಡಿ ಕರಾರಿಗೆ ಸಹಿ ಪಡೆಯುವುದು ಮೊದಲನೆಯದರ ಕೆಲಸ. ಆ ಮಾತುಕತೆಗೆ ನೆಲವನ್ನು ಹದಗೊಳಿಸುವುದು ಎರಡನೆಯದರ ಕೆಲಸ. ಮಾರ್ಕೆಟಿಂಗ್ ವಿಭಾಗದಲ್ಲಿ ಕೇಂದ್ರ ಕಚೇರಿಯಲ್ಲಿದ್ದು ಜಾಹೀರಾತು, ಪತ್ರಿಕಾ ಪ್ರಕಟಣೆಗಳನ್ನು ನೋಡಿಕೊಳ್ಳುವವರು ಕೆಲವರು. ಒಂದು ನಗರ ಅಥವಾ ಒಂದು ಪ್ರಾಂತದ ಹೊಣೆ ಹೊತ್ತು, ಅಲ್ಲಿನ ಗಿರಾಕಿಗಳಿಗೆ ಒಗ್ಗುವ ರೀತಿಯಲ್ಲಿ ಸಂಸ್ಥೆಯ ಮಾತನ್ನು ಮುಟ್ಟಿಸುವವರು ಮತ್ತೆ ಕೆಲವರು. ಈ ಎರಡನೆಯ ಬಗೆಯ ಕಾರ್ಯಕ್ಕೆ ಉದ್ಯಮದಲ್ಲಿ ಫೀಲ್ಡ್ ಮಾರ್ಕೆಟಿಂಗ್ ಎಂದು ಹೆಸರು. ಇಲ್ಲಿ ಇದನ್ನು ಕ್ಷೇತ್ರಕಾರ್ಯವೆಂದು ಕರೆಯೋಣ. ಹತ್ತಾರು ಗಿರಾಕಿಗಳ ಭೋಜನಕೂಟದಿಂದ ಹಿಡಿದು ಲಕ್ಷ ಜನ ಸೇರುವ ಸಭೆಯವರೆಗಿನ ಎಲ್ಲ ಕೂಟಗಳೂ ಸಮಾವೇಶ ಎಂಬ ಮಾತಿನಲ್ಲಿ ಅಡಕವಾಗುತ್ತವೆ. ಕ್ಷೇತ್ರಕಾರ್ಯದ ಮುಖ್ಯ ಸಾಧನವೇ ಸಮಾವೇಶವಾದ್ದರಿಂದ ಅನೇಕ ಕಡೆ ಎರಡಕ್ಕೂ ಒಬ್ಬನೇ ವ್ಯವಸ್ಥಾಪಕನಿರುತ್ತಾನೆ.

೨. ಪೂರ್ವೇತಿಹಾಸ

ಪ್ರಾಂತಗಳನ್ನು ಹಂಚಿಕೊಂಡು ಮಾರುವ ಪದ್ಧತಿಯು ತಂತ್ರಾಂಶಕ್ಕಿಂತ ಬಹಳ ಹಳೆಯದು. ಅಮೆರಿಕದ ಡೇಟನ್ ನಗರದಲ್ಲಿ ಜಾನ್ ಪ್ಯಾಟರ್ಸನ್ ಎಂಬುವರು ೧೮೮೪ರಲ್ಲಿ ಹಣ ಎಣಿಸುವ ಯಂತ್ರಗಳ ಉದ್ಯಮವೊಂದನ್ನು ಕೊಂಡು, ನ್ಯಾಷನಲ್ ಕ್ಯಾಷ್ ರಿಜಿಸ್ಟರ್ ಸಂಸ್ಥೆಯನ್ನು ಬೆಳೆಸಿದರು. ಪ್ರತಿಯೊಬ್ಬ ಮಾರಾಟಗಾರನಿಗೂ ಒಂದು ನಿಯತ ಪ್ರದೇಶವನ್ನು ಗೊತ್ತುಪಡಿಸಿ, ಅವರಿಗೆ ಶಿಕ್ಷಣ ಕೊಡಿಸಿ, ಸಮ್ಮೇಳನಗಳಲ್ಲಿ ಅವರನ್ನು ಕಲೆಹಾಕುವ ಕ್ರಮ ಅಲ್ಲಿ ರೂಢಿಗೆ ಬಂದಿತು. ಅಲ್ಲಿ ಪಳಗಿದ ಥಾಮಸ್ ವಾಟ್ಸನ್ ಅವರು ೧೯೧೪ರಲ್ಲಿ ಬೇರೊಂದು ಸಂಸ್ಥೆಯ ಆಡಳಿತವನ್ನು ವಹಿಸಿಕೊಂಡಾಗ ಈ ಪದ್ಧತಿಯೂ ಅವರೊಡನೆ ಹೋಯಿತು. ೧೯೨೪ರಲ್ಲಿ ಐ.ಬಿ.ಎಂ. ಎಂದು ಹೆಸರು ತಳೆದ ಸಂಸ್ಥೆ ಅದೇ.

ಗಿರಾಕಿಗಳು ತಾವೇ ಒಂದೆಡೆ ಸೇರುವುದು ಇನ್ನೊಂದು ಧಾರೆ. ಐ.ಬಿ.ಎಂ. ೭೦೪ ಎಂಬ ಗಣಕಯಂತ್ರವನ್ನು ಬಳಸುವವರು ೧೯೫೫ರಲ್ಲಿ ಶೇರ್ ಎಂಬ ಸಂಘವನ್ನು ಸ್ಥಾಪಿಸಿದರು. ಯಂತ್ರಕ್ಕೆ ಬೇಕಾದ ಕಾರ್ಯಕ್ರಮಗಳನ್ನು ಪರಸ್ಪರ ಹಂಚಿಕೊಳ್ಳುವುದೂ, ತಮ್ಮ ಕುಂದುಕೊರತೆಗಳನ್ನು ಸಂಸ್ಥೆಗೆ ಒಟ್ಟಾಗಿ ತಿಳಿಸುವುದೂ ಈ ಸಂಘದ ಉದ್ದೇಶಗಳಾಗಿದ್ದವು. ಇಂದಿನ ಬಳಕೆದಾರರ ಸಮಾವೇಶಗಳ ಬೀಜವನ್ನು ಇದರಲ್ಲಿ ಕಾಣಬಹುದು. ಇಲ್ಲಿ ಗಮನಿಸತಕ್ಕ ಸಂಗತಿಯೆಂದರೆ, ಆ ಸಂಘವನ್ನು ಕಟ್ಟಿದವರು ಮಾರುವವರಲ್ಲ, ಬಳಸುವವರು.

ಆ ಕಾಲದಲ್ಲಿ ತಂತ್ರಾಂಶವು ಯಂತ್ರದ ಬೆಲೆಯಲ್ಲಿಯೇ ಅಡಗಿರುತ್ತಿದ್ದಿತು. ೧೯೬೯ರ ಜೂನ್ ೨೩ರಂದು ಐ.ಬಿ.ಎಂ. ಸಂಸ್ಥೆಯು ತನ್ನ ಹಲವು ತಂತ್ರಾಂಶಗಳಿಗೂ ಸೇವೆಗಳಿಗೂ ಪ್ರತ್ಯೇಕ ಬೆಲೆ ನಿಗದಿ ಮಾಡುವುದಾಗಿ ಪ್ರಕಟಿಸಿತು. ಇದಕ್ಕೆ ಮೊದಲೇ ಕೆಲವು ಸ್ವತಂತ್ರ ಸಂಸ್ಥೆಗಳು ತಂತ್ರಾಂಶವನ್ನು ಬಿಡಿಯಾಗಿ ಮಾರುತ್ತಿದ್ದರೂ, ಅದು ಒಂದು ಸರಕೆಂದು ವ್ಯಾಪಕವಾಗಿ ಪರಿಗಣಿತವಾಗಲು ಈ ನಿರ್ಣಯವು ದಾರಿ ಮಾಡಿತು. ಕಣ್ಣಿಗೆ ಕಾಣದ ಸರಕಿಗೆ ಬೆಲೆ ಹೇಳಬೇಕಾದಾಗ ಅದನ್ನು ನಡೆಸಿ ತೋರಿಸುವ ಅಗತ್ಯವೂ ಹೆಚ್ಚಿತು.

೧೯೭೯ರಲ್ಲಿ ಲಾಸ್ ವೇಗಸ್ ನಗರದಲ್ಲಿ ಪ್ರಾರಂಭವಾದ ಕಾಮ್‌ಡೆಕ್ಸ್ ಎಂಬ ಪ್ರದರ್ಶನವು ಈ ಅಗತ್ಯವನ್ನು ಬಹುಕಾಲ ಪೂರೈಸಿತು. ಎಲ್ಲ ಸಂಸ್ಥೆಗಳೂ ಒಂದೇ ಆವರಣದಲ್ಲಿ ಮಳಿಗೆ ಹಾಕುವ ಜಾತ್ರೆ ಅದು. ಅದರ ಸ್ಥಾಪಕರಾದ ಶೆಲ್ಡನ್ ಏಡಲ್ಸನ್ ಮತ್ತು ಅವರ ಪಾಲುದಾರರು ೧೯೯೫ರಲ್ಲಿ ಅದನ್ನು ಜಪಾನಿನ ಸಾಫ್ಟ್‌ಬ್ಯಾಂಕ್ ಸಂಸ್ಥೆಗೆ ಮಾರಿದರು. ಮುಂದೆ ದೊಡ್ಡ ಸಂಸ್ಥೆಗಳು ಒಂದೊಂದಾಗಿ ಹಿಂದೆ ಸರಿದವು. ೨೦೦೩ರ ಪ್ರದರ್ಶನವೇ ಅಲ್ಲಿ ಕಡೆಯದಾಯಿತು. ಕರ್ನಾಟಕ ಸರ್ಕಾರದ ಆಶ್ರಯದಲ್ಲಿ ೧೯೯೮ರಲ್ಲಿ ಮೊದಲಾದ ಬೆಂಗಳೂರು ಐಟಿ.ಕಾಂ ಮೇಳವೂ ಇಂಥ ಸಾಮಾನ್ಯ ಜಾತ್ರೆಯ ವರ್ಗಕ್ಕೇ ಸೇರಿದ್ದು.

೩. ಒಂದು ನಿದರ್ಶನ

ಸಾಮಾನ್ಯ ಜಾತ್ರೆಯಿಂದ ಸಂಸ್ಥೆಯ ಸ್ವಂತ ಉತ್ಸವದ ಕಡೆಗೆ ಒಲವು ತಿರುಗಿದುದನ್ನು ಸೇಲ್ಸ್‌ಫೋರ್ಸ್ ಸಂಸ್ಥೆಯ ಚರಿತ್ರೆಯಲ್ಲಿ ಸ್ಪಷ್ಟವಾಗಿ ಕಾಣಬಹುದು. ಮಾರ್ಕ್ ಬೆನಿಯಾಫ್ ಮತ್ತು ಸಂಗಡಿಗರು ಇದನ್ನು ೧೯೯೯ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಸ್ಥಾಪಿಸಿದರು. ಗಿರಾಕಿಗಳ ವಿವರಗಳನ್ನು ನಿರ್ವಹಿಸುವ ತಂತ್ರಾಂಶವನ್ನು ಅಂತರ್ಜಾಲದ ಮೂಲಕ ಬಾಡಿಗೆಗೆ ಕೊಡುವುದು ಅವರ ವ್ಯವಹಾರ. ಆ ಕ್ಷೇತ್ರದಲ್ಲಿ ಸೀಬೆಲ್ ಸಂಸ್ಥೆಯು ಅಂದು ಪ್ರಬಲವಾಗಿತ್ತು. ೨೦೦೦ದ ಫೆಬ್ರವರಿಯಲ್ಲಿ ಅದೇ ನಗರದಲ್ಲಿ ಸೀಬೆಲ್‌ನ ಬಳಕೆದಾರರ ಸಮ್ಮೇಳನ ನಡೆಯುತ್ತಿದ್ದಾಗ, ಸಭಾಂಗಣದ ಹೊರಗೆ ತಂತ್ರಾಂಶದ ಯುಗ ಮುಗಿಯಿತೆಂದು ಸಾರುವ ಫಲಕಗಳನ್ನು ಹಿಡಿದು ಒಂದು ಗುಂಪು ಪ್ರತಿಭಟನೆ ಮಾಡಿತು. ಪ್ರತಿಭಟನಕಾರರು ಕೂಲಿಗೆ ಬಂದ ನಟರು. ಅದನ್ನು ಚಿತ್ರೀಕರಿಸುತ್ತಿದ್ದ ದೂರದರ್ಶನ ತಂಡವೂ ವೇಷದ್ದೇ. ಬೆನಿಯಾಫ್ ಅವರೇ ೨೦೦೯ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಇದನ್ನು ಮುಚ್ಚುಮರೆಯಿಲ್ಲದೆ ವಿವರಿಸಿದ್ದಾರೆ.

ಈ ಪ್ರಸಂಗವು ಬಹಳ ಪ್ರಸಿದ್ಧವಾಗಿದೆ. ಆದರೆ ಸಂಸ್ಥೆಯ ಬೆಳವಣಿಗೆಗೆ ಇದಕ್ಕಿಂತ ಹೆಚ್ಚು ಆಧಾರವಾದದ್ದು ಇಷ್ಟು ಸದ್ದು ಮಾಡದ ಇನ್ನೊಂದು ಕ್ರಮವೆಂದು ನನ್ನ ಅಭಿಪ್ರಾಯ. ಅದೆಂದರೆ ಊರೂರಿಗೆ ಹೋಗಿ ನಡೆಸಿದ ನಗರಸಭೆಗಳು. ಈಗಾಗಲೇ ತಂತ್ರಾಂಶವನ್ನು ಬಳಸುತ್ತಿದ್ದವರನ್ನೂ, ಇನ್ನೂ ಕೊಳ್ಳದವರನ್ನೂ ಒಂದೇ ಕೊಠಡಿಯಲ್ಲಿ ಕೂಡಿಸಿದಾಗ, ಸಂಸ್ಥೆಯವರ ಭಾಷಣಕ್ಕಿಂತ ಬಳಕೆದಾರರ ಪರಸ್ಪರ ಸಂಭಾಷಣೆಯೇ ಹೆಚ್ಚು ಫಲಕಾರಿಯಾದುದು ಕಂಡುಬಂದಿತು. ೨೦೦೩ರಲ್ಲಿ ಆರಂಭವಾದ ಡ್ರೀಮ್‌ಫೋರ್ಸ್ ಎಂಬ ವಾರ್ಷಿಕ ಸಮಾವೇಶದಲ್ಲಿ ಮೊದಲ ವರ್ಷ ಸೇರಿದವರು ಒಂದು ಸಾವಿರಕ್ಕೆ ಸ್ವಲ್ಪ ಹೆಚ್ಚು. ೨೦೧೯ರ ವೇಳೆಗೆ ಹೆಸರು ನೋಂದಾಯಿಸಿದವರ ಸಂಖ್ಯೆ ಒಂದೂವರೆ ಲಕ್ಷವನ್ನು ಮೀರಿತ್ತು. ಸೀಬೆಲ್ ಸಂಸ್ಥೆಯಾದರೋ ೨೦೦೬ರಲ್ಲಿ ಆರಕಲ್ ಸಂಸ್ಥೆಯ ವಶವಾಯಿತು.

೪. ನಿರ್ವಹಣೆಯ ಕ್ರಮ

ಸಮಾವೇಶದ ದಿನವನ್ನೇ ಸಮಾವೇಶವೆಂದು ಭಾವಿಸುವುದು ಹೊಸಬರು ಮಾಡುವ ತಪ್ಪು. ಮದುವೆಯ ಮನೆಯಲ್ಲಿ ಮುಹೂರ್ತವು ಕೆಲವು ನಿಮಿಷಗಳದ್ದಾದರೂ ಅದರ ಹಿಂದೆಯೂ ಮುಂದೆಯೂ ತಿಂಗಳುಗಟ್ಟಲೆ ಕೆಲಸವಿರುವಂತೆಯೇ ಇಲ್ಲಿಯೂ.

ಪೂರ್ವಭಾವಿ ಕಾರ್ಯದಲ್ಲಿ ಮೊದಲನೆಯದು ಮಾರಾಟ ವಿಭಾಗದೊಡನೆ ಒಪ್ಪಂದ. ಯಾವ ಯಾವ ಗಿರಾಕಿ ಸಂಸ್ಥೆಗಳಿಂದ, ಯಾವ ದರ್ಜೆಯ ಅಧಿಕಾರಿಗಳು ಬರಬೇಕೆಂಬುದನ್ನು ಇಬ್ಬರೂ ಕೂಡಿ ನಿಶ್ಚಯಿಸದಿದ್ದರೆ ಸಭೆ ತುಂಬಿದರೂ ಪ್ರಯೋಜನವಾಗದು. ಅನಂತರ ಸ್ಥಳ, ಬಜೆಟ್ಟು, ಆಮಂತ್ರಣ, ಭಾಷಣಕಾರರ ಆಯ್ಕೆ, ಪೂರ್ವಾಭ್ಯಾಸ. ಸಂಸ್ಥೆಯ ಅಧಿಕಾರಿಗಿಂತ ಗಿರಾಕಿಯೊಬ್ಬನು ವೇದಿಕೆಯ ಮೇಲೆ ತನ್ನ ಅನುಭವವನ್ನು ಹೇಳುವುದು ಮೇಲು. ಎದುರಿಸಿದ ತೊಂದರೆಗಳನ್ನೂ ಅವನು ಹೇಳಿದರೆ ಕೇಳುವವರ ನಂಬಿಕೆ ಇಮ್ಮಡಿಯಾಗುತ್ತದೆ.

ಸಮಾವೇಶದ ದಿನ ಮಳಿಗೆಯಲ್ಲಿ ನಿಂತವರು ಬಂದವರ ಬ್ಯಾಡ್ಜನ್ನು ಯಂತ್ರದಿಂದ ಓದಿಸಿ ಹೆಸರು ದಾಖಲಿಸಿಕೊಳ್ಳುತ್ತಾರೆ. ಹೀಗೆ ದೊರೆತ ಹೆಸರಿಗೆ ಲೀಡ್ ಎಂದು ಹೆಸರು. ಆದರೆ ಬರಿಯ ಹೆಸರಿಗೆ ಬೆಲೆ ಕಡಮೆ. ಅವನ ತೊಂದರೆ ಏನು, ನಿರ್ಧಾರ ಮಾಡುವವರು ಯಾರು, ಯಾವಾಗ ಕೊಳ್ಳಬಹುದು ಎಂಬ ನಾಲ್ಕು ಸಾಲಿನ ಟಿಪ್ಪಣಿ ಜೊತೆಗಿದ್ದರೆ ಮಾತ್ರ ಅದು ಉಪಯುಕ್ತ. ಹೀಗೆ ಸಂಗ್ರಹಿಸಿದ ವಿವರಗಳನ್ನು ಮನಬಂದಂತೆ ಬಳಸುವುದಕ್ಕೆ ಈಗ ಕಾನೂನಿನ ತಡೆಯೂ ಉಂಟು. ಯೂರೋಪಿನಲ್ಲಿ ೨೦೧೮ರ ಮೇ ತಿಂಗಳಿನಿಂದ ಜಾರಿಯಲ್ಲಿರುವ ದತ್ತಾಂಶ ರಕ್ಷಣಾ ನಿಯಮಗಳೂ, ಭಾರತದಲ್ಲಿ ೨೦೨೩ರಲ್ಲಿ ಅಂಗೀಕೃತವಾದ ವೈಯಕ್ತಿಕ ದತ್ತಾಂಶ ರಕ್ಷಣಾ ಅಧಿನಿಯಮವೂ ಇದಕ್ಕೆ ಸಂಬಂಧಿಸಿದವು.

ಉತ್ತರಕಾರ್ಯವೇ ಎಲ್ಲಕ್ಕಿಂತ ಮುಖ್ಯ, ಎಲ್ಲಕ್ಕಿಂತ ಹೆಚ್ಚು ಅಲಕ್ಷ್ಯಕ್ಕೊಳಗಾಗುವುದೂ ಅದೇ. ದೊರೆತ ಹೆಸರುಗಳು ಕೆಲವೇ ದಿನಗಳಲ್ಲಿ ಮಾರಾಟಗಾರರ ಕೈ ಸೇರಬೇಕು, ಅವರು ಮಾತನಾಡಿಸಬೇಕು, ಮಾತುಕತೆ ಎಲ್ಲಿಗೆ ಬಂದಿತೆಂಬುದು ದಾಖಲೆಯಲ್ಲಿ ಕಾಣಬೇಕು. ಹೀಗೆ ಬೇರೆ ಬೇರೆ ಹಂತಗಳಲ್ಲಿರುವ ವ್ಯವಹಾರಗಳ ಸಮೂಹಕ್ಕೆ ಉದ್ಯಮದವರು ಪೈಪ್‌ಲೈನ್ ಎನ್ನುತ್ತಾರೆ.

ಇಲ್ಲಿ ಒಂದು ಜಟಿಲವಾದ ಪ್ರಶ್ನೆ ಉದ್ಭವಿಸುತ್ತದೆ. ಉದಾಹರಣೆಗೆ, ಒಬ್ಬ ಎಂಜಿನಿಯರು ಮಾರ್ಚಿಯಲ್ಲಿ ನಗರಸಭೆಗೆ ಬಂದನೆಂದು ಭಾವಿಸೋಣ. ಜೂನ್‌ನಲ್ಲಿ ಅವನ ಸಹೋದ್ಯೋಗಿ ಸಂಸ್ಥೆಯ ಜಾಹೀರಾತನ್ನು ನೋಡಿದನು. ಸೆಪ್ಟೆಂಬರಿನಲ್ಲಿ ಅವರ ಮೇಲಧಿಕಾರಿ ಭೋಜನಕೂಟಕ್ಕೆ ಬಂದನು. ಡಿಸೆಂಬರಿನಲ್ಲಿ ಕರಾರಿಗೆ ಸಹಿಯಾಯಿತು. ಈ ವ್ಯವಹಾರವು ಯಾವುದರ ಫಲ? ಮೊದಲ ಸಂಪರ್ಕಕ್ಕೆ ಪೂರ್ಣ ಯಶಸ್ಸನ್ನು ಕೊಡುವವರಿದ್ದಾರೆ, ಕಡೆಯದಕ್ಕೆ ಕೊಡುವವರಿದ್ದಾರೆ, ಎಲ್ಲಕ್ಕೂ ಹಂಚುವವರೂ ಇದ್ದಾರೆ. ಇತಿಹಾಸದ ಅಧ್ಯಾಪಕರಿಗೆ ಈ ವಿವಾದವು ಹೊಸದಲ್ಲ. ಮೊದಲನೆಯ ಮಹಾಯುದ್ಧಕ್ಕೆ ೧೯೧೪ರ ಸರಾಯೆವೋ ಹತ್ಯೆಯನ್ನು ತತ್ಕ್ಷಣದ ಕಾರಣವೆಂದೂ, ರಾಷ್ಟ್ರಗಳ ಮೈತ್ರಿಕೂಟಗಳನ್ನು ದೂರದ ಕಾರಣವೆಂದೂ ನಾವು ತರಗತಿಯಲ್ಲಿ ಬೋಧಿಸುತ್ತೇವೆ. ಇಂತಿಷ್ಟು ಭಾಗ ಇದರದ್ದೆಂದು ಅಂಕಿಯಲ್ಲಿ ಹೇಳುವುದಿಲ್ಲ. ವ್ಯವಸ್ಥಾಪಕನಾದರೋ ಅಂಕಿಯಲ್ಲಿಯೇ ಹೇಳಬೇಕು, ಏಕೆಂದರೆ ಮುಂದಿನ ವರ್ಷದ ಬಜೆಟ್ಟು ಅದನ್ನು ಅವಲಂಬಿಸಿದೆ. ಆದಕಾರಣ ಯಾವ ಗಣನಾಕ್ರಮವನ್ನು ಬಳಸಿದೆನೆಂಬುದನ್ನು ಮೊದಲೇ ಹೇಳಿ, ವರ್ಷವಿಡೀ ಅದನ್ನೇ ಅನುಸರಿಸುವುದು ಅವನ ಪ್ರಾಮಾಣಿಕತೆಗೆ ಕನಿಷ್ಠ ಲಕ್ಷಣ.

೫. ವೇದಿಕೆಯ ಮಾತು

ಇನ್ನು ಈ ಕಾರ್ಯದ ಅತ್ಯಂತ ಸೂಕ್ಷ್ಮವಾದ ಅಂಶಕ್ಕೆ ಬರೋಣ. ವೇದಿಕೆಯ ಮೇಲೆ ತೋರಿಸಿದ್ದು ಗಿರಾಕಿಗೆ ಕೊಟ್ಟ ಮಾತಿಗೆ ಸಮಾನ. ೧೯೮೨ರ ಕಾಮ್‌ಡೆಕ್ಸ್‌ನಲ್ಲಿ ವಿಸಿಕಾರ್ಪ್ ಸಂಸ್ಥೆಯು ವಿಸಿ ಆನ್ ಎಂಬ ತಂತ್ರಾಂಶವನ್ನು ಪ್ರದರ್ಶಿಸಿತು; ಅದು ಮಾರುಕಟ್ಟೆಗೆ ಬಂದದ್ದು ೧೯೮೩ರ ಕೊನೆಯಲ್ಲಿ. ಆ ಪ್ರದರ್ಶನವನ್ನು ಬಿಲ್ ಗೇಟ್ಸ್ ಅವರೂ ನೋಡಿದ್ದರು. ಮೈಕ್ರೋಸಾಫ್ಟ್ ಸಂಸ್ಥೆಯು ೧೯೮೩ರ ನವೆಂಬರ್ ೧೦ರಂದು ನ್ಯೂಯಾರ್ಕಿನಲ್ಲಿ ವಿಂಡೋಸ್ ತಂತ್ರಾಂಶವನ್ನು ಘೋಷಿಸಿತು. ಅದರ ಮೊದಲ ಆವೃತ್ತಿ ಹೊರಬಂದದ್ದು ೧೯೮೫ರ ನವೆಂಬರ್ ೨೦ರಂದು. ಈ ಎರಡು ವರ್ಷಗಳ ಅಂತರದಲ್ಲಿ ಘೋಷಣೆಯನ್ನು ನಂಬಿ ಬೇರೆಯದನ್ನು ಕೊಳ್ಳದೆ ಕಾದವರ ನಷ್ಟವು ಯಾವ ಲೆಕ್ಕಪತ್ರದಲ್ಲಿಯೂ ದಾಖಲಾಗುವುದಿಲ್ಲ. ಘೋಷಿತವಾಗಿಯೂ ಕೈಗೆ ಸಿಗದ ಇಂಥ ತಂತ್ರಾಂಶಕ್ಕೆ ವೇಪರ್‌ವೇರ್, ಎಂದರೆ ಆವಿಯ ಸರಕು, ಎಂಬ ಅಡ್ಡಹೆಸರು ಆ ಕಾಲದಲ್ಲಿಯೇ ಹುಟ್ಟಿಕೊಂಡಿತು.

ಇದಕ್ಕೆ ವಿರುದ್ಧವಾದ ಎರಡು ನಿದರ್ಶನಗಳು ಸ್ಮರಣೀಯ. ೧೯೬೮ರ ಡಿಸೆಂಬರ್ ೯ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸಂಶೋಧಕ ಡಗ್ಲಸ್ ಎಂಗೆಲ್‌ಬಾರ್ಟ್ ಅವರು ಸುಮಾರು ಒಂದು ಸಾವಿರ ತಜ್ಞರ ಮುಂದೆ ತೊಂಬತ್ತು ನಿಮಿಷಗಳ ಕಾಲ ಮೌಸ್ ಮೊದಲಾದ ನವೀನ ಸಾಧನಗಳನ್ನು ತೋರಿಸಿದರು. ಗಣಕಯಂತ್ರವಿದ್ದದ್ದು ದೂರದ ಮೆನ್ಲೋ ಪಾರ್ಕ್‌ನಲ್ಲಿ. ತೋರಿಸಿದ್ದೆಲ್ಲವೂ ಆ ಕ್ಷಣದಲ್ಲಿ ನಿಜವಾಗಿ ನಡೆಯುತ್ತಿದ್ದ ಕೆಲಸ. ೧೯೯೮ರ ಏಪ್ರಿಲ್‌ನಲ್ಲಿ ಶಿಕಾಗೋ ನಗರದ ಕಾಮ್‌ಡೆಕ್ಸ್‌ನಲ್ಲಿ ವಿಂಡೋಸ್ ೯೮ ತಂತ್ರಾಂಶವನ್ನು ತೋರಿಸುತ್ತಿದ್ದಾಗ, ಸ್ಕ್ಯಾನರ್ ಒಂದನ್ನು ಜೋಡಿಸಿದೊಡನೆ ಯಂತ್ರವು ಕೆಟ್ಟು ನಿಂತು ಪರದೆಯೆಲ್ಲ ನೀಲಿಯಾಯಿತು. ಗೇಟ್ಸ್ ಅವರು ತಂತ್ರಾಂಶವನ್ನು ಇನ್ನೂ ಬಿಡುಗಡೆ ಮಾಡದಿರುವುದು ಇದಕ್ಕಾಗಿಯೇ ಇರಬೇಕೆಂದು ಹೇಳಿ ಸಭೆಯನ್ನು ನಗಿಸಿದರು. ಮುಜುಗರದ ಪ್ರಸಂಗವೇನೋ ಹೌದು; ಆದರೆ ಸಭಿಕರು ಅಂದು ಕಂಡದ್ದು ಚಿತ್ರಿಸಿಟ್ಟ ನಾಟಕವನ್ನಲ್ಲ, ನಿಜವಾದ ಸರಕನ್ನು.

ಸೇಲ್ಸ್‌ಫೋರ್ಸ್ ಮುಂತಾದ ಅಮೆರಿಕದ ಸಂಸ್ಥೆಗಳ ಸಮಾವೇಶಗಳಲ್ಲಿ ಭಾಷಣದ ಆರಂಭಕ್ಕೆ ಒಂದು ಎಚ್ಚರಿಕೆಯ ಪುಟವನ್ನು ತೋರಿಸುವ ವಾಡಿಕೆಯಿದೆ: ಇಂದು ಲಭ್ಯವಿರುವ ಸೌಲಭ್ಯಗಳನ್ನು ಆಧರಿಸಿಯೇ ಕೊಳ್ಳುವ ನಿರ್ಧಾರ ಮಾಡಿರಿ ಎಂಬುದು ಅದರ ತಾತ್ಪರ್ಯ. ಭವಿಷ್ಯದ ಮಾತಿಗೆ ಸಂಬಂಧಿಸಿದ ೧೯೯೫ರ ಅಮೆರಿಕದ ಕಾನೂನೊಂದು ಇದರ ಹಿನ್ನೆಲೆ. ವಕೀಲರ ಸಲಹೆಯಿಂದ ಹುಟ್ಟಿದ್ದಾದರೂ ಇದು ಒಳ್ಳೆಯ ನೀತಿಯೇ. ತೋರಿಸುತ್ತಿರುವುದರಲ್ಲಿ ಯಾವುದು ಸಿದ್ಧ, ಯಾವುದು ಸಂಕಲ್ಪ ಎಂಬುದನ್ನು ಬಾಯಿಬಿಟ್ಟು ಹೇಳಿಸುವುದು ಕ್ಷೇತ್ರದ ವ್ಯವಸ್ಥಾಪಕನ ಮೊದಲ ಕರ್ತವ್ಯ. ಏಕೆಂದರೆ ಭಾಷಣಕಾರನು ಮರುದಿನ ವಿಮಾನ ಹತ್ತಿ ಹೋಗುತ್ತಾನೆ, ಆ ಊರಿನ ಗಿರಾಕಿಗಳಿಗೆ ಮುಖ ತೋರಿಸಬೇಕಾದವನು ಇವನೇ.

೬. ಉಪಸಂಹಾರ

೨೦೨೦ರಲ್ಲಿ ಕೋವಿಡ್ ಸಾಂಕ್ರಾಮಿಕದಿಂದ ಇಂಥ ಸಮಾವೇಶಗಳೆಲ್ಲ ನಿಂತುಹೋಗಿ, ಭಾಷಣಗಳು ಪರದೆಗೆ ಸ್ಥಳಾಂತರಗೊಂಡವು. ಭಾಷಣಗಳನ್ನು ಮನೆಯಲ್ಲಿ ಕುಳಿತು ಕೇಳುವುದು ಸಾಧ್ಯವಾಯಿತು. ಆದರೆ ಮೊಗಸಾಲೆಯಲ್ಲಿ ಕಾಫಿ ಹಿಡಿದು ನಿಂತು, ಈ ತಂತ್ರಾಂಶ ನಿಮ್ಮಲ್ಲಿ ಹೇಗೆ ನಡೆಯುತ್ತಿದೆ ಎಂದು ಅಪರಿಚಿತನೊಬ್ಬನನ್ನು ಕೇಳುವ ಅವಕಾಶಕ್ಕೆ ಪರದೆಯು ಬದಲಿಯಾಗಲಿಲ್ಲ. ನಿರ್ಬಂಧಗಳು ಸಡಿಲವಾದೊಡನೆ ಸಮಾವೇಶಗಳು ಮರಳಿದ್ದು ಇದಕ್ಕೆ ಸಾಕ್ಷಿ. ೧೯೫೫ರಲ್ಲಿ ಶೇರ್ ಸಂಘದವರು ಒಂದೆಡೆ ಸೇರಿದ್ದೂ ಇದೇ ಕಾರಣಕ್ಕಾಗಿ ಎಂಬುದನ್ನು ನೆನೆಯಬೇಕು.

ಮೇಲ್ಕಂಡ ವಿವೇಚನೆಯಿಂದ ಎರಡು ಸಂಗತಿಗಳು ವಿದಿತವಾಗುತ್ತವೆ. ಈ ಉದ್ಯಮದ ಚರಿತ್ರೆಯನ್ನು ಬರೆಯುವವರು ಘೋಷಣೆಯ ದಿನಾಂಕವನ್ನೂ ಸರಕು ಕೈಗೆ ಬಂದ ದಿನಾಂಕವನ್ನೂ ಬೇರೆ ಬೇರೆಯಾಗಿ ಗುರುತಿಸಬೇಕು. ಶಾಸನದಲ್ಲಿ ಬರೆದ ಬಿರುದುಗಳನ್ನೆಲ್ಲ ಅರಸನ ಸಾಧನೆಯೆಂದು ನಾವು ಎಣಿಸುವುದಿಲ್ಲವಷ್ಟೆ. ಈ ಉದ್ಯೋಗಕ್ಕೆ ಸೇರುವ ವಿದ್ಯಾರ್ಥಿಗಳಾದರೋ, ಕಾಣದ ಸರಕಿಗೆ ಕೊಳ್ಳುವವರ ನಂಬಿಕೆಯೇ ಏಕಮಾತ್ರ ಆಧಾರವೆಂಬುದನ್ನು ಮರೆಯಬಾರದು. ಸಂತೆಯಲ್ಲಿ ಕೆಟ್ಟ ರಾಗಿಯನ್ನು ಮಾರಿದವನು ಮುಂದಿನ ವಾರವೂ ಅದೇ ಸಂತೆಗೆ ಬಂದು ಕೂರಬೇಕಾಗುತ್ತದೆ.