ದಂಡವಿಲ್ಲದ್ದೆಲ್ಲ ಧರ್ಮವಲ್ಲ

ಸಪ್ತವ್ಯಸನಗಳನ್ನು ಎಣಿಸುವಾಗ ನಮ್ಮ ಆಚಾರ್ಯರು ಮೊದಲ ಬೆರಳನ್ನು ಮಡಿಚುವುದು ದ್ಯೂತಕ್ಕೆ. ಮಾಂಸ, ಮದ್ಯ, ವೇಶ್ಯಾಗಮನ, ಬೇಟೆ, ಕಳವು, ಪರಸ್ತ್ರೀಸಂಗ ಇವೆಲ್ಲವೂ ಅದರ ನಂತರ. ಜೂಜಿನಲ್ಲಿ ಸೋತವನು ಸುಳ್ಳಾಡುತ್ತಾನೆ; ಸುಳ್ಳು ಸಾಲದಾದಾಗ ಕದಿಯುತ್ತಾನೆ; ಮರೆಯುವುದಕ್ಕಾಗಿ ಕುಡಿಯುತ್ತಾನೆ. ದ್ಯೂತಕ್ಕೆ ದೃಷ್ಟಾಂತವಾಗಿ ಶಾಸ್ತ್ರಗಳು ಹೇಳುವುದು ಧರ್ಮರಾಯನ ಹೆಸರನ್ನು. ಧರ್ಮಜ್ಞನೇ ಜಾರಿದ ಕಡೆ ಉಳಿದವರ ಪಾಡೇನು?

ನನ್ನಲ್ಲಿ ಓದಿದ ಹುಡುಗನೊಬ್ಬ ಈಗ ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತಾನೆ. ಕೆಲ ತಿಂಗಳ ಹಿಂದೆ ಮನೆಗೆ ಬಂದು ತಲೆತಗ್ಗಿಸಿ ಕುಳಿತ. ಮೊಬೈಲಿನಲ್ಲಿ ರಮ್ಮಿ ಆಡಿ, ತಾಯಿಯ ಬೋರಮಾಳವನ್ನು ಅಡವಿಟ್ಟಿದ್ದ. “ಇದು ಜೂಜೆಂದು ನಿನಗೆ ತೋಚಲಿಲ್ಲವೇ ತಮ್ಮಾ?” ಎಂದೆ. “ಜೂಜಲ್ರೀ ಗುರುಗಳ, ಬುದ್ಧಿ ಆಟ. ಕೋರ್ಟೇ ಒಪ್ಪೇತಿ. ಟ್ಯಾಕ್ಸ್ ಕಟ್ತಾರ, ಟಿವಿಯೊಳಗ ತೋರಸ್ತಾರ” ಎಂದ. ಇದೇ ಮಾತನ್ನು ಕುಷ್ಟಗಿ, ಯಲಬುರ್ಗಾದ ಕಟ್ಟೆಗಳಲ್ಲಿಯೂ ಕೇಳಿದ್ದೇನೆ. ಆದುದರಿಂದ ಈ ಭ್ರಮೆಗಳನ್ನು ಒಂದೊಂದಾಗಿ ಬಿಡಿಸಿ ನೋಡುವುದು ಲೇಸು.

‘ಬುದ್ಧಿಯ ಆಟ’ ಎಂಬ ಮಾತಿಗೆ ಹಿಂದೆ ಆಧಾರವಿದ್ದುದು ನಿಜ. 1967ರಲ್ಲಿ ಸುಪ್ರೀಂ ಕೋರ್ಟ್ ರಮ್ಮಿಯನ್ನು ಮುಖ್ಯವಾಗಿ ಕೌಶಲದ ಆಟವೆಂದು ಹೇಳಿತು. ಆನ್‌ಲೈನ್ ಪಣದಾಟಗಳನ್ನು ನಿಷೇಧಿಸಿ ನಮ್ಮ ರಾಜ್ಯವು 2021ರಲ್ಲಿ ತಂದ ತಿದ್ದುಪಡಿಯ ಪ್ರಮುಖ ಕಲಮುಗಳನ್ನು 2022ರ ಫೆಬ್ರುವರಿ 14ರಂದು ಹೈಕೋರ್ಟ್ ರದ್ದುಪಡಿಸಿತು. ಆದರೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆಯು ಕೌಶಲ, ಅದೃಷ್ಟಗಳ ಭೇದವನ್ನೇ ಕೈಬಿಟ್ಟಿತು. ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟ ಯಾವುದಾದರೂ ಅದರ ದೃಷ್ಟಿಯಲ್ಲಿ ನಿಷಿದ್ಧ. ಅದನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿಗೆ ಹೋದವು. ಆದರೆ ಅರ್ಜಿ ಸಲ್ಲಿಸಿದ ಮಾತ್ರಕ್ಕೆ ಕಾಯ್ದೆ ಬಿದ್ದುಹೋಗುವುದಿಲ್ಲ.

ತೆರಿಗೆಯ ವಾದವೂ ಹಾಗೆಯೇ. 2023ರ ಅಕ್ಟೋಬರ್ 1ರಿಂದ ಇಂತಹ ಆಟಗಳ ಮೇಲೆ ಶೇ. 28ರ ಜಿಎಸ್‌ಟಿ ಬಂದಿತು. ತೆರಿಗೆಯ ರಸೀದಿ ಸನ್ನಡತೆಯ ಪ್ರಮಾಣಪತ್ರವಲ್ಲ. ‘ಕಂಪನಿ ವಿದೇಶದ್ದು, ನಮ್ಮ ಕಾನೂನು ತಟ್ಟದು’ ಎಂಬುದೂ ಸುಳ್ಳು. ಹೊರದೇಶದಿಂದ ನಡೆಸಿದರೂ ಕಾಯ್ದೆ ಅನ್ವಯಿಸುತ್ತದೆ. ಇನ್ನು ಕೆಲವರು ಮೊಬೈಲಿನ ಆಟಗಳೆಲ್ಲವೂ ಅಪರಾಧವೆಂದು ಮಕ್ಕಳನ್ನು ಹೆದರಿಸುತ್ತಾರೆ. ಪಣವಿಲ್ಲದ ಆಟಗಳಿಗೆ, ಇ-ಕ್ರೀಡೆಗೆ ಅಡ್ಡಿಯಿಲ್ಲ.

ಎಲ್ಲಕ್ಕಿಂತ ಅಪಾಯಕಾರಿಯಾದುದು ಕಡೆಯ ಭ್ರಮೆ: ‘ಆಡುವವನಿಗೆ ಶಿಕ್ಷೆಯಿಲ್ಲವಲ್ಲ!’ ಈ ಕಾಯ್ದೆಯಲ್ಲಿ ಕೇವಲ ಆಡಿದವನಿಗೆ ಶಿಕ್ಷೆ ಇಲ್ಲ, ನಿಜ. ಅವನನ್ನು ಅದು ಬಲಿಪಶುವೆಂದೇ ಕಾಣುತ್ತದೆ. ಆದರೆ ಆಟವನ್ನು ಒದಗಿಸಿದವನಿಗೂ ಅದರ ಹಣದ ವ್ಯವಹಾರಕ್ಕೆ ನೆರವಾದವನಿಗೂ ಮೂರು ವರ್ಷದವರೆಗೆ ಸೆರೆ, ಒಂದು ಕೋಟಿ ರೂಪಾಯಿವರೆಗೆ ದಂಡ; ಜಾಹೀರಾತು ನೀಡಿದವನಿಗೆ ಎರಡು ವರ್ಷ, ಐವತ್ತು ಲಕ್ಷ. ಕಮಿಷನ್ನಿನ ಆಸೆಗೆ ತಮ್ಮ ಬ್ಯಾಂಕ್ ಖಾತೆಯನ್ನು ಅಪರಿಚಿತರಿಗೆ ಕೊಡುವ ತರುಣರು ಇದನ್ನು ನೆನಪಿಡಬೇಕು. ಓಣಿಯ ಮಟಕಾ, ಅಂದರ್ ಬಾಹರ್‌ಗಳಿಗಂತೂ 1963ರ ಕರ್ನಾಟಕ ಪೊಲೀಸ್ ಕಾಯ್ದೆ ಇದ್ದೇ ಇದೆ.

ಕಾನೂನು ಕೈಯನ್ನು ಹಿಡಿಯುತ್ತದೆ. ಧರ್ಮವು ಮನಸ್ಸನ್ನು ಕೇಳುತ್ತದೆ. ಮಾಡಿದ್ದು, ಮಾಡಿಸಿದ್ದು, ಮೆಚ್ಚಿ ಒಪ್ಪಿದ್ದು, ಅಂದರೆ ಕೃತ, ಕಾರಿತ, ಅನುಮೋದನ ಈ ಮೂರರಿಂದಲೂ ಕರ್ಮಾಸ್ರವ ಉಂಟು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ‘ವಿರುದ್ಧರಾಜ್ಯಾತಿಕ್ರಮ’ವನ್ನೂ ಎಣಿಸಿದ್ದಾರೆ. ನಾಡಿನ ಕಟ್ಟಳೆಯನ್ನು ಮೀರಿ ಲಾಭ ಪಡೆಯುವುದು ಶ್ರಾವಕನಿಗೆ ಕಳವಿನ ನೆರಳೇ. ಇನ್ನು ಆಟದಲ್ಲಿ ಗೆದ್ದ ಹಣವಾದರೂ ಯಾರದು? ಇನ್ನೊಬ್ಬ ತಾಯಿಯ ಬೋರಮಾಳವಲ್ಲವೇ?

ನಮ್ಮ ಕೊಪ್ಪಳ ಒಂದು ಕಾಲದ ಕೊಪಣ ಮಹಾತೀರ್ಥ. ಇಲ್ಲಿಯ ಬಂಡೆಗಳ ಮೇಲೆ ಉಳಿದಿರುವುದು ಗೆದ್ದು ಗಳಿಸಿದವರ ಹೆಸರಲ್ಲ, ತೊರೆದು ನಡೆದವರ ಹೆಸರು.

ಆ ಹುಡುಗ ಜಿನಬಿಂಬದ ಮುಂದೆ ನಿಂತು ಒಂದು ವರ್ಷದ ನಿಯಮ ತೆಗೆದುಕೊಂಡಿದ್ದಾನೆ. ಪ್ರತಿ ತಿಂಗಳ ಸಂಬಳದಲ್ಲಿ ಅಡವಿನ ಸಾಲವನ್ನು ತೀರಿಸುತ್ತಿದ್ದಾನೆ. ನಿಮ್ಮ ಮನೆಯ ಮಕ್ಕಳನ್ನೂ ಇಂದು ಸಂಜೆ ಹತ್ತಿರ ಕೂರಿಸಿಕೊಂಡು, ಬೈಯದೆ, ಒಮ್ಮೆ ಕೇಳಿರಿ.